ಭಾನುವಾರದ ಚರ್ಚೆಗೆ ಓದಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ.

ಸಾರ್ವಜನಿಕ ಇತಿಹಾಸ ಮತ್ತು ಸಾಂಸ್ಕೃತಿಕ ಪರಂಪರೆ ಸ್ನಾತಕೋತ್ತರ ತರಗತಿಯವರ ಗಮನಕ್ಕೆ: ಈ ಭಾನುವಾರ ಸಂಜೆ 6ಕ್ಕೆ ಆನ್‌ಲೈನ್ ಚರ್ಚೆ ಇದೆ. ಯುನೆಸ್ಕೋದ 1972ರ ವಿಶ್ವ ಪರಂಪರೆ ಒಪ್ಪಂದ, 2003ರ ಅಮೂರ್ತ ಪರಂಪರೆ ಒಪ್ಪಂದ ಎರಡನ್ನೂ ಓದಿರಿ. ಮೊದಲನೆಯದು ಸ್ಮಾರಕ, ನಿಸರ್ಗ ತಾಣಗಳದ್ದು. ಎರಡನೆಯದು ಹಾಡು, ಆಚರಣೆ, ಕುಶಲಕಸುಬಿನದ್ದು. ಯಾವುದು ಪರಂಪರೆ ಅಂತ ಹೇಳೋರು ಯಾರು? ಎರಡರ ಉತ್ತರವೂ ಬೇರೆ ಬೇರೆ. ನನ್ನ ಪ್ರಕಾರ ಚರ್ಚೆಯ ಸ್ವಾರಸ್ಯ ಇರೋದೇ ಅಲ್ಲಿ.

ಮೌಖಿಕ ಇತಿಹಾಸದ ಸಂದರ್ಶನ ಮಾಡುತ್ತಿರುವವರು, ಮಾತಾಡಿದವರ ಒಪ್ಪಿಗೆ ಪತ್ರವಿಲ್ಲದ ಧ್ವನಿಮುದ್ರಣವನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಹೋದ ವಾರ ಒಂದು ಬಂದಿತ್ತು, ಅಳಿಸಿದ್ದೇನೆ.

ಕೆಲಸವಿದ್ದು ಬರಲಾಗದವರು ಒಂದು ಪ್ರಶ್ನೆಯನ್ನಾದರೂ ಬರೆದು ಕಳಿಸಿ. ಬರುವವರು ಶುಕ್ರವಾರದೊಳಗೆ ‘ಬರ್ತೀನಿ’ ಅಂತ ತಿಳಿಸಿ.