ಅಂಬೊಡೆಯನ್ನು ನೋಡಿಕೊಳ್ಳುವ ಮಗಳಿಗೆ

ಮೈಸೂರು, ಫೆಬ್ರವರಿ

ಮುದ್ದು ಮಗಳೇ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದಾ ಎರಡಾ! ನಮ್ಮ ಆಮೆಮರಿ ಅಂಬೊಡೆ ಹಗಲೆಲ್ಲ ಮಣ್ಣೊಳಗೇ ಹೂತುಕೊಂಡಿರುತ್ತೆ, ಅದಕ್ಕೆ ಬೇಜಾರಾಗಿದೆಯಾ? ಎರೆಹುಳ ಹಾಕಲೇಬೇಕಾ, ಬರೀ ತರಕಾರಿ ಸಾಕಾಗಲ್ವಾ? ಹಿತ್ತಿಲಾಚೆ ಇರುವ ಕಾಡಿಗೆ ಬಿಟ್ಟುಬಿಡೋಣ್ವಾ? ಅಷ್ಟರಲ್ಲಿ ಅಜ್ಜಿಗೆ ಫಿಸಿಯೋಥೆರಪಿ ಮಾಡಿಸುವವರು ಬಂದರು, ಮಾತು ಅರ್ಧಕ್ಕೇ ನಿಂತಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ಒತ್ತಕ್ಷರ ಎಲ್ಲಾದರೂ ತೊಡಕಾದರೆ ಅಮ್ಮನನ್ನು ಕೇಳು.

ಬೇಜಾರಿನ ಮಾತು ಮೊದಲು. ಅದಕ್ಕೆ ಏನೂ ಬೇಜಾರಿಲ್ಲ ಪುಟ್ಟಿ. ಬಾಕ್ಸ್ ಟರ್ಟಲ್ ಅನ್ನುವ ಈ ನೆಲದ ಆಮೆಯ ಮರಿ ಮಾಡಬೇಕಾದ ಕೆಲಸವೇ ಅದು. ಮೊಟ್ಟೆಯಿಂದ ಹೊರಬಂದಾಗ ಅದು ಇರುವುದೇ ಒಂದೂಕಾಲು ಇಂಚು. ಕಾಗೆ, ಹಾವು, ರಕೂನ್, ಚಿಪ್‌ಮಂಕ್, ಯಾರ ಕಣ್ಣಿಗೆ ಬಿದ್ದರೂ ಒಂದೇ ತುತ್ತು. ದೊಡ್ಡ ಆಮೆಗಾದರೆ ಹೊಟ್ಟೆಯ ಕಡೆಯ ಚಿಪ್ಪಿನಲ್ಲಿ ಒಂದು ಕೀಲಿದೆ. ಹೆದರಿದರೆ ತಲೆ, ಕಾಲು ಒಳಗೆಳೆದುಕೊಂಡು ಹಿಂದೆ ಮುಂದೆ ಎರಡೂ ಕಡೆ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಮರಿಗೆ ಆ ಕೀಲು ಇನ್ನೂ ಕೆಲಸ ಮಾಡುವುದಿಲ್ಲ. ಅದು ಬಲಿಯೋಕೆ ಕೆಲವು ವರ್ಷ ಬೇಕು. ಅಲ್ಲಿಯವರೆಗೆ ಅಂಬೊಡೆಯದು ಬಾಗಿಲಿಲ್ಲದ ಮನೆ. ಅಡಗಿ ಕೂರುವುದೊಂದೇ ಅದಕ್ಕಿರುವ ದಾರಿ. ಕಾಡಿನಲ್ಲಿ ವರ್ಷಗಟ್ಟಲೆ ಆಮೆ ಹುಡುಕಿದವರಿಗೂ ಮರಿ ಸಿಗುವುದು ಅಪರೂಪ, ಅಷ್ಟು ಚೆನ್ನಾಗಿ ತರಗೆಲೆಯ ಕೆಳಗೆ ಸೇರಿಕೊಂಡಿರುತ್ತವೆ.

ಹಾಗಾಗಿ ನೋಡಬೇಕು ಅನ್ನಿಸಿದಾಗಲೆಲ್ಲ ಅಗೆದು ತೆಗೆಯಬೇಡ. ನಿನ್ನ ಗೆಳತಿಯರು ಬಂದಾಗಂತೂ ಬೇಡವೇ ಬೇಡ. ಅದು ನಾಯಿಮರಿ ಅಲ್ಲ, ನೀನು ಎತ್ತಿಕೊಂಡರೆ ಅದಕ್ಕೆ ಖುಷಿಯಾಗುವುದಿಲ್ಲ. ಏನೋ ನನ್ನನ್ನು ಹಿಡಿಯಿತು ಅಂತಲೇ ಅದಕ್ಕೆ ಗೊತ್ತಾಗುವುದು. ಚಿಪ್ಪಿಗೆ ನೋವಾಗಲ್ಲ ಅಂದುಕೊಂಡಿದ್ದೀಯಲ್ಲ, ಅದೂ ತಪ್ಪು. ಅದರ ಬೆನ್ನುಮೂಳೆ, ಪಕ್ಕೆಲುಬು ಎಲ್ಲ ಆ ಚಿಪ್ಪಿಗೇ ಬೆಸೆದುಕೊಂಡಿವೆ. ಬೆರಳಿನಿಂದ ಮುಟ್ಟಿದರೂ ಅದಕ್ಕೆ ತಿಳಿಯುತ್ತದೆ. ಬಣ್ಣ ಹಚ್ಚುವ ಯೋಚನೆ ಬಿಟ್ಟುಬಿಡು.

ಬೆಳಿಗ್ಗೆ ನೀರಿಗೆ ಬಿಡುತ್ತೀಯಲ್ಲ, ಆಗ ನೋಡು. ಅಷ್ಟು ಹೊತ್ತು ಅದು ನಿನ್ನದೇ. ನೀರು ಉಗುರುಬೆಚ್ಚಗಿರಲಿ, ಅದರ ಗದ್ದದ ಮಟ್ಟಕ್ಕಿಂತ ಮೇಲೆ ಬೇಡ. ಬಾಕ್ಸ್ ಟರ್ಟಲ್‌ಗೆ ಈಜು ಅಷ್ಟಾಗಿ ಬರಲ್ಲ, ಮರಿಗಂತೂ ಸ್ವಲ್ಪ ಆಳವಾದರೂ ಅಪಾಯ. ಹದಿನೈದು ಇಪ್ಪತ್ತು ನಿಮಿಷ ಸಾಕು. ಆಗ ಕುಡಿಯುತ್ತದೆ, ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ. ನೀರು ಗಲೀಜಾದರೆ ಮುಖ ಸಿಂಡರಿಸಬೇಡ, ಒಳಗೆಲ್ಲ ಸರಿಯಾಗಿದೆ ಅಂತ ಅರ್ಥ.

ಈಗ ಮಣ್ಣಿನ ವಿಷಯ. ನನ್ನ ಕೇಳಿದರೆ ಆಮೆ ಸಾಕುವುದು ಅಂದರೆ ಮುಕ್ಕಾಲು ಪಾಲು ಮಣ್ಣು ಸಾಕುವುದೇ. ಸೇಂಟ್ ಲೂಯಿಸ್‌ನ ಚಳಿಗೆ ಮನೆಯಲ್ಲಿ ಹೀಟರ್ ಹಗಲೂ ರಾತ್ರಿ ಓಡುತ್ತದೆ. ನಿನ್ನ ತುಟಿ ಒಡೆಯುತ್ತೆ ಅಲ್ವಾ? ಅದೇ ಒಣ ಗಾಳಿ ಅಂಬೊಡೆಯ ಪೆಟ್ಟಿಗೆಯನ್ನೂ ಒಣಗಿಸುತ್ತದೆ. ಅಷ್ಟು ಚಿಕ್ಕ ಜೀವದ ಮೈಯಲ್ಲಿ ಇರುವ ನೀರೇ ಸ್ವಲ್ಪ, ಬೇಗ ಬತ್ತುತ್ತದೆ. ಮರಿಯಾಗಿದ್ದಾಗ ಒಣ ಜಾಗದಲ್ಲಿ ಬೆಳೆದರೆ ಚಿಪ್ಪು ನುಣ್ಣಗೆ ಬರದೆ ಉಬ್ಬುಬ್ಬಾಗಿ ಏಳುತ್ತದೆ. ಒಮ್ಮೆ ಹಾಗಾದರೆ ಆಮೇಲೆ ಸರಿ ಹೋಗುವುದಿಲ್ಲ.

ಪೆಟ್ಟಿಗೆಯೊಳಗಿನ ಆ ಕಂದು ಪುಡಿ ಏನು ಗೊತ್ತಾ? ತೆಂಗಿನ ನಾರಿನ ಪುಡಿ. ತಿಪಟೂರಿನಲ್ಲಿ ರಸ್ತೆ ಬದಿಯಲ್ಲಿ ರಾಶಿ ರಾಶಿ ಬಿದ್ದಿರುತ್ತಿದ್ದದ್ದು ಇದೇ. ಅದನ್ನೇ ಒತ್ತಿ ಇಟ್ಟಿಗೆ ಮಾಡಿ ಅಮೆರಿಕಕ್ಕೆ ಕಳಿಸುತ್ತಾರೆ, ನಾವು ಡಾಲರ್ ಕೊಟ್ಟು ತರುತ್ತೇವೆ. ಅಜ್ಜಿಗೆ ಹೇಳಿದೆ, ಬಿದ್ದು ಬಿದ್ದು ನಕ್ಕರು.

ತೇವ ಸರಿಯಿದೆಯಾ ಅಂತ ಮೀಟರ್ ನೋಡುವುದಕ್ಕಿಂತ ಕೈಯಲ್ಲೇ ನೋಡು. ಮೂಲೆಯಿಂದ ಒಂದು ಹಿಡಿ ಪುಡಿ ತೆಗೆದು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಜಾಸ್ತಿಯಾಗಿದೆ. ಮುಷ್ಟಿ ಬಿಚ್ಚಿದ ಕೂಡಲೇ ಉದುರಿ ಹೋದರೆ ಕಮ್ಮಿಯಾಗಿದೆ. ಉಂಡೆ ಹಾಗೇ ನಿಂತು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಮೇಲಷ್ಟೇ ಸ್ಪ್ರೇ ಮಾಡಿ ಬಿಡಬೇಡ, ಮೇಲೆ ಒದ್ದೆ ಕಂಡರೂ ಅದು ಮಲಗುವ ಅಡಿಭಾಗ ಒಣಗಿರುತ್ತದೆ. ಮೂಲೆಯಲ್ಲಿ ಮೆಲ್ಲಗೆ ನೀರು ಸುರಿ, ತಾನೇ ಹರಡಿಕೊಳ್ಳುತ್ತದೆ. ಮೇಲಿನ ಪಾಚಿ, ಒಣ ಎಲೆ ಎರಡೂ ಇರಲಿ. ಮುಚ್ಚಳ ಪೂರ್ತಿ ತೆಗೆದಿಡಬೇಡ.

ಶಾಖ ಹಗಲಲ್ಲಿ 75ರಿಂದ 80 ಡಿಗ್ರಿ, ದೀಪದ ಕೆಳಗೆ 85. ರಾತ್ರಿ 70ರ ಆಸುಪಾಸಿನಲ್ಲಿದ್ದರೆ ಸಾಕು. ಇವೆಲ್ಲ ನಿಮ್ಮೂರಿನ ಫ್ಯಾರನ್‌ಹೀಟ್ ಲೆಕ್ಕ, ಅಜ್ಜಿಗೆ ಹೇಳಿ ಗಾಬರಿ ಮಾಡಬೇಡ. ಉದ್ದನೆಯ ಟ್ಯೂಬ್ ದೀಪ ಬೇರೆ, ಅದು ಬಿಸಿಗಲ್ಲ, ಯುವಿಬಿ ಅನ್ನುವ ಅತಿನೇರಳೆ ಬೆಳಕಿಗೆ. ಆ ಬೆಳಕು ಮೈಮೇಲೆ ಬಿದ್ದರೆ ಡಿ3 ವಿಟಮಿನ್ ಆಗುತ್ತದೆ, ಅದಿದ್ದರೇ ತಿಂದ ಕ್ಯಾಲ್ಸಿಯಂ ಮೂಳೆಗೂ ಚಿಪ್ಪಿಗೂ ಸೇರುವುದು. ಕಿಟಕಿಯ ಹತ್ತಿರ ಬಿಸಿಲಿಗೆ ಇಟ್ಟರಾಗಲ್ವಾ ಅಂದೆಯಲ್ಲ, ಆಗಲ್ಲ. ಗಾಜು ಯುವಿಬಿಯನ್ನು ತಡೆದುಬಿಡುತ್ತದೆ, ಬಿಸಿಯನ್ನು ಮಾತ್ರ ಒಳಗೆ ಬಿಡುತ್ತದೆ. ಪೆಟ್ಟಿಗೆಯೊಳಗೆ ಬೆಂದುಹೋಗುತ್ತದೆ ಪಾಪ. ಇನ್ನೊಂದು ವಿಷಯ, ಟ್ಯೂಬ್ ಚೆನ್ನಾಗಿ ಉರಿಯುತ್ತಿದ್ದರೂ ಅದರ ಯುವಿಬಿ ತಿಂಗಳು ಕಳೆದಂತೆ ಕುಗ್ಗುತ್ತದೆ. ಹಾಕಿದ ತಾರೀಖನ್ನು ಅದರ ಮೇಲೇ ಬರೆದಿದ್ದೇನೆ. ವರ್ಷ ತುಂಬುವ ಮೊದಲೇ ಬದಲಾಯಿಸೋಣ.

ಇನ್ನು ಎರೆಹುಳ. ಇದೇ ನಿನಗೆ ಕಷ್ಟವಾಗಿರುವುದು ಅಂತ ಗೊತ್ತು. ನಮ್ಮ ಮನೆಯಲ್ಲಿ ಮೊಟ್ಟೆಯೂ ಬೇಯುವುದಿಲ್ಲ. ಹಾಗಿರುವಾಗ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಹುಳದ ಡಬ್ಬಿ! ಅಮ್ಮ ಏನೂ ಅನ್ನದೆ ಒಪ್ಪಿಕೊಂಡಿದ್ದೇ ದೊಡ್ಡದು. ನೀನು ಹೇಳಿದ್ದರಲ್ಲೂ ಅರ್ಧ ನಿಜವಿದೆ. ದೊಡ್ಡ ಬಾಕ್ಸ್ ಟರ್ಟಲ್ ಎಲ್ಲವನ್ನೂ ತಿನ್ನುತ್ತದೆ. ಹಣ್ಣು, ಸೊಪ್ಪು, ಅಣಬೆ, ಹುಳ, ಬಸವನಹುಳು. ನಮಗೆ ವಿಷವಾಗುವ ಅಣಬೆಯನ್ನೂ ತಿಂದು ಅರಗಿಸಿಕೊಳ್ಳುತ್ತದಂತೆ, ಹಾಗೆ ತಿಂದ ಆಮೆಯನ್ನು ಬೇಯಿಸಿ ತಿಂದ ಮನುಷ್ಯರು ಕಾಯಿಲೆ ಬಿದ್ದದ್ದುಂಟು. ಆದರೆ ಮರಿಗೆ ಬೆಳೆಯುವ ವಯಸ್ಸು, ಅದಕ್ಕೆ ಹುಳವೇ ಮುಖ್ಯ. ವರ್ಷ ಕಳೆದಂತೆ ತಾನಾಗಿಯೇ ಗಿಡದ ಕಡೆಗೂ ತಿರುಗುತ್ತದೆ. ಈಗಲೇ ಬರೀ ಕ್ಯಾರೆಟ್ ತುರಿ ಹಾಕಿದರೆ ಅದು ಸಸ್ಯಾಹಾರಿ ಆಗುವುದಿಲ್ಲ, ಸೊರಗುತ್ತದೆ ಅಷ್ಟೆ.

ಅಜ್ಜಿಯನ್ನು ಕೇಳಿದೆ, ಮೊಮ್ಮಗಳು ಹೀಗೆ ಅನ್ನುತ್ತಾಳೆ ಅಂತ. "ಹಸಿದರೂ ಹುಲಿ ಹುಲ್ಲು ತಿನ್ನುತ್ತೇನೋ? ನಿಮ್ಮ ಮಡಿ ಮೈಲಿಗೆ ಅದರ ಮೇಲೆ ಯಾಕೆ ಹೇರ್ತೀರ" ಅಂದರು. ಎಂಬತ್ತು ದಾಟಿದ, ಈರುಳ್ಳಿಯನ್ನೂ ಮುಟ್ಟದ ಅಜ್ಜಿ ಹೇಳುತ್ತಿರುವ ಮಾತು ಇದು, ನೆನಪಿಟ್ಟುಕೋ.

ಹುಳವನ್ನು ನೀನು ಕತ್ತರಿಸಬೇಡ, ಆ ಕೆಲಸ ಅಮ್ಮನಿಗೋ ನನಗೋ ಬಿಡು. ನೀನು ಹಾಕುವಾಗ ಚಿಕ್ಕ ಹುಳಗಳನ್ನೇ ಆರಿಸಿ ಹಾಕು. ಒಮ್ಮೆ ಪಕ್ಕದಲ್ಲಿ ಕೂತು ನೋಡು. ಹುಳ ಸುಮ್ಮನಿದ್ದರೆ ಅಂಬೊಡೆಗೆ ಅದು ಕಂಡೇ ಇಲ್ಲ ಅನ್ನುವ ಹಾಗಿರುತ್ತದೆ. ಅದು ಕೊಂಚ ಮಿಸುಕಿತೋ, ಕತ್ತು ಉದ್ದವಾಗುತ್ತದೆ. ತಲೆ ಒಂದು ಕಡೆ ವಾಲಿಸಿ ಒಂದೇ ಕಣ್ಣಲ್ಲಿ ದಿಟ್ಟಿಸುತ್ತದೆ. ಎಷ್ಟೋ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಟಕ್ ಅಂತ ಬಾಯಿ ಹಾಕುತ್ತದೆ. ಮೊದಲ ಸಲ ತಪ್ಪಿ ಮಣ್ಣು ಕಚ್ಚುವುದೇ ಜಾಸ್ತಿ. ಹಿಡಿದ ಮೇಲೆ ಮುಂಗಾಲಿನಿಂದ ಒತ್ತಿ ಎಳೆಯುವ ಜೋರು ನೋಡಿದರೆ, ಇಷ್ಟು ಹೊತ್ತು ಸುಮ್ನೆ ಕೂತಿದ್ದ ಪ್ರಾಣಿ ಇದೇನಾ ಅನ್ನಿಸುತ್ತದೆ.

ಹುಳದ ಮೇಲೆ ವಾರಕ್ಕೆ ಎರಡು ಮೂರು ಸಲ ಕ್ಯಾಲ್ಸಿಯಂ ಪುಡಿ ಉದುರಿಸು. ಜೊತೆಗೆ ಗೆಣಸಿನ ತುರಿ, ಸ್ಟ್ರಾಬೆರಿ ಚೂರು, ಅಣಬೆ ಇಡುತ್ತಾ ಇರು. ತಿನ್ನದಿದ್ದರೆ ಪರವಾಗಿಲ್ಲ, ವಾಸನೆ ಗುರುತಾಗಲಿ. ಗೆಣಸು ಬಿಡಬೇಡ, ಎ ವಿಟಮಿನ್ ಕಡಿಮೆಯಾದರೆ ಆಮೆಗಳಿಗೆ ಕಣ್ಣ ರೆಪ್ಪೆ ಊದಿಕೊಳ್ಳುತ್ತದೆ, ಕಿವಿಯ ಹತ್ತಿರ ಕೀವು ತುಂಬಿದ ಗಡ್ಡೆ ಏಳುತ್ತದೆ. ಪಾಲಕ್ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ಅನ್ನ, ಬ್ರೆಡ್, ಚೀಸ್ ಏನೂ ಹಾಕಬೇಡ. ಪಕ್ಕದ ಮನೆಯವರ ಹುಲ್ಲಿನಿಂದ ಹುಳ ಹೆಕ್ಕಬೇಡ, ಅವರು ಔಷಧಿ ಹೊಡೆಸುತ್ತಾರೆ.

ಮೂಗಿನಿಂದ ಗುಳ್ಳೆ ಬಂದರೆ, ಬಾಯಿ ತೆರೆದು ಉಸಿರಾಡಿದರೆ, ಕಣ್ಣು ಬಿಡದಿದ್ದರೆ, ಚಿಪ್ಪು ಮೆತ್ತಗಾದರೆ ನನ್ನ ಫೋನಿಗೆ ಕಾಯಬೇಡ. ಅಮ್ಮನಿಗೆ ಹೇಳಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಾಯಿ ಬೆಕ್ಕಿನ ಡಾಕ್ಟರಲ್ಲ, ಸರೀಸೃಪ ನೋಡುವವರು. ನಂಬರು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ.

ಅದನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳಿ. ಅದರ ನೀರಿನ ತಟ್ಟೆ ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡ. ಆಮೆ ನೋಡೋಕೆ ಚೆನ್ನಾಗಿದ್ದರೂ ಸಾಲ್ಮೊನೆಲ್ಲಾ ರೋಗಾಣು ಹೊತ್ತಿರಬಹುದು. ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದರು ಅಂತಲೇ ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಆಮೆಯನ್ನು ಸಾಕಲು ಮಾರುವಂತಿಲ್ಲ. ಅಂಬೊಡೆಯನ್ನು ನಾವು ಕೊಂಡಿಲ್ಲವಲ್ಲ. ಯಾರೋ ಸಾಕಲಾಗದೆ ತಂದುಬಿಟ್ಟ ಹೆಣ್ಣು ಆಮೆ ನಮಗೆ ಅಂಬೊಡೆಯನ್ನು ಕೊಟ್ಟ ಆಮೆ ರಕ್ಷಣಾ ಗುಂಪಿನವರ ಹತ್ತಿರ ಮೊಟ್ಟೆ ಇಟ್ಟಿತ್ತು. ಅಲ್ಲಿ ಗಂಡು ಆಮೆಯೇ ಇರಲಿಲ್ಲ. ಹೆಣ್ಣು ಬಾಕ್ಸ್ ಟರ್ಟಲ್ ಗಂಡಿನ ಸಂಗ ಬಿಟ್ಟು ನಾಲ್ಕು ವರ್ಷವಾದ ಮೇಲೂ ಮರಿಯಾಗುವ ಮೊಟ್ಟೆ ಇಡಬಲ್ಲದು. ಅಂಬೊಡೆ ಗಂಡೋ ಹೆಣ್ಣೋ ಅಂತ ತಿಳಿಯೋಕೆ ಇನ್ನೂ ಕೆಲವು ವರ್ಷ ಕಾಯಬೇಕು, ಆತುರ ಮಾಡಬೇಡ.

ಕಾಡಿಗೆ ಬಿಡುವ ಮಾತಿಗೆ ಬರುತ್ತೇನೆ. ನಿನ್ನ ಮನಸ್ಸು ಒಳ್ಳೆಯದೇ. ಪೆಟ್ಟಿಗೆಯೊಳಗೆ ಇಡೋದು ಪಾಪ ಅಂತ ನಿನಗೆ ಅನ್ನಿಸಿದೆ. ಕಾಡಿನಿಂದ ಹಿಡಿದು ತಂದಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಈ ಫೆಬ್ರವರಿಯ ಹಿಮದಲ್ಲಿ ಬಿಟ್ಟರೆ ಅದು ಒಂದು ರಾತ್ರಿಯೂ ಉಳಿಯಲ್ಲ. ಬೇಸಿಗೆಯಲ್ಲಿ ಬಿಟ್ಟರೂ ಬೇರೆ ತೊಂದರೆ ಇದೆ. ಮನುಷ್ಯರ ಹತ್ತಿರ ಬೆಳೆದ ಆಮೆ ತನಗೇ ಗೊತ್ತಿಲ್ಲದೆ ರೋಗ ಹೊತ್ತುಕೊಂಡು ಹೋಗಿ ಕಾಡಿನ ಆಮೆಗಳಿಗೆ ಹಚ್ಚಬಹುದು.

ನಮ್ಮ ಮಿಸೌರಿ ರಾಜ್ಯದಲ್ಲೇ ಶ್ವಾರ್ಟ್ಸ್ ಅನ್ನುವ ಗಂಡ ಹೆಂಡತಿ ಇದ್ದರು. 1965ರ ಸುಮಾರಿಗೆ ಶುರುಮಾಡಿ ಹತ್ತಾರು ವರ್ಷ ಅಂಬೊಡೆಯ ಜಾತಿಯವೇ ಆದ ಮೂರು ಬೆರಳಿನ ಬಾಕ್ಸ್ ಟರ್ಟಲ್‌ಗಳನ್ನು ಗುರುತು ಹಾಕಿ ಹಿಂಬಾಲಿಸಿದರು. ಹುಡುಕುತ್ತಿದ್ದದ್ದು ಅವರಲ್ಲ, ಅವರ ಲ್ಯಾಬ್ರಡಾರ್ ನಾಯಿಗಳು. ಹುಲ್ಲಿನೊಳಗಿಂದ ಆಮೆಯನ್ನು ಮೆಲ್ಲಗೆ ಬಾಯಲ್ಲಿ ಕಚ್ಚಿ ತಂದು ಕೊಡುತ್ತಿದ್ದವು. ನೋಡಿದರೆ ಹೆಚ್ಚಿನ ಆಮೆಗಳು ವರ್ಷಗಟ್ಟಲೆ ಅದದೇ ಜಾಗದಲ್ಲಿ ಓಡಾಡಿಕೊಂಡಿದ್ದವು. ದೊಡ್ಡ ಆಮೆಯನ್ನು ದೂರ ಒಯ್ದು ಬಿಟ್ಟರೆ ತನ್ನ ಜಾಗ ಹುಡುಕಿ ರಸ್ತೆ ರಸ್ತೆ ಅಲೆಯುತ್ತದೆ. ಅದಕ್ಕೇ ಮೇ ತಿಂಗಳಲ್ಲಿ ಕಾರು ನಿಲ್ಲಿಸಿ ಆಮೆ ದಾಟಿಸುವಾಗ, ಅದು ಯಾವ ಕಡೆ ಮುಖ ಮಾಡಿತ್ತೋ ಆ ಕಡೆಗೇ ಬಿಡುವುದು. ಮನೆಗೆ ತರುವುದಿಲ್ಲ, ಕೆರೆಗೂ ಹಾಕುವುದಿಲ್ಲ.

ಇಲ್ಲಿ ಮೊನ್ನೆ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಏನು ಕಂಡೆ ಗೊತ್ತಾ? ಕಣ್ಣ ಹಿಂದೆ ಕೆಂಪು ಪಟ್ಟೆ ಇರುವ ಸ್ಲೈಡರ್ ಅನ್ನುವ ಆಮೆಯ ಮರಿಗಳು. ನಮ್ಮ ಮಿಸ್ಸಿಸ್ಸಿಪ್ಪಿ ಕಡೆಯವೇ! ಜನ ಕೊಂಡು ಹೋಗುತ್ತಾರೆ, ತಟ್ಟೆಯಷ್ಟು ದೊಡ್ಡದಾದ ಮೇಲೆ ಬೇಡವಾಗುತ್ತದೆ, ಪುಣ್ಯ ಬರಲಿ ಅಂತ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡುತ್ತಾರೆ. ಕೇರಳದಲ್ಲಿ, ಅಸ್ಸಾಮಿನಲ್ಲಿ ಈಗಾಗಲೇ ಹೊರಗೆ ಸಿಕ್ಕಿವೆ, ಅಲ್ಲಿನ ಆಮೆಗಳ ಜಾಗಕ್ಕೆ ಕುತ್ತು. ಅದೇ ನಮ್ಮ ಕೋಲಾರದ ಕಡೆಯ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಂಡರೆ ಅಪರಾಧ, 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಹಾಗಾಗಿ ಅಜ್ಜಿಗೂ ಒಂದು ಆಮೆ ಕೊಡಿಸು ಅಂದದ್ದು ಆಗುವ ಮಾತಲ್ಲ. ಅಜ್ಜಿಗೆ ಬೇಕಾಗಿಯೂ ಇಲ್ಲ. ಅವರಿಗೆ ನಿನ್ನ ಅಂಬೊಡೆಯ ಫೋಟೋ ಸಾಕಂತೆ, ಎಣ್ಣೆಯಲ್ಲಿ ಬಿಡೋಕೆ ಮಾತ್ರ ಆಗಲ್ಲ ಅಂತ ದಿನಾ ತಮಾಷೆ ಮಾಡುತ್ತಾರೆ.

ಚೆನ್ನಾಗಿ ನೋಡಿಕೊಂಡರೆ ಅಂಬೊಡೆ ನಲವತ್ತು, ಐವತ್ತು ವರ್ಷ ಬದುಕಬಹುದು. ನೀನು ಕಾಲೇಜಿಗೆ ಹೋದಾಗ ಅದು ನಿನ್ನ ಅಂಗೈ ತುಂಬುವಷ್ಟಾಗಿರುತ್ತದೆ. ಹಾಸ್ಟೆಲಿನಲ್ಲಿ ಇಟ್ಟುಕೊಳ್ಳೋಕೆ ಬಿಡಲ್ಲ, ಆಗ ನಾವು ನೋಡಿಕೊಳ್ಳುತ್ತೇವೆ. ನಮ್ಮ ಕಾಲ ಆದ ಮೇಲೆ ಮತ್ತೆ ನಿನ್ನ ಪಾಲಿಗೇ. ಮದುವೆ ಮಾತಿಗೆ ಬಂದವರಿಗೆ ಮೊದಲೇ ಹೇಳಬೇಕಾಗುತ್ತದೆ ನೋಡು!

ಶನಿವಾರ ತೂಕ ಮಾಡಿ ಗ್ರಾಂ ಬರೆದು ಕಳಿಸು. ಅಡುಗೆಯ ತಕ್ಕಡಿ ಬೇಡ, ಅದಕ್ಕೆ ಅಂತ ತಂದದ್ದು ಮೇಜಿನ ಖಾನೆಯಲ್ಲಿದೆ. ಎರೆಹುಳದ ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು ಬರೆದಿಡು, ಭಾನುವಾರ ಊಟಕ್ಕೆ ಬರುವ ಆಂಟಿ ಅಂಕಲ್ ಉಪ್ಪಿನಕಾಯಿ ಅಂದುಕೊಂಡು ತೆಗೆದಾರು.

ಅಮ್ಮನಿಗೆ ತೊಂದರೆ ಕೊಡಬೇಡ.

ನಿನ್ನ,
ಅಪ್ಪ