ಕಂತು ತಿಂಗಳಿಗೆ, ಆದಾಯ ಬೆಳೆಗೆ

ಮಾನ್ಯ ಸಂಪಾದಕರೇ,

ಭತ್ತ, ಮೆಣಸಿನಕಾಯಿಯ ದುಡ್ಡು ಕೈಗೆ ಬರುತ್ತಿದ್ದಂತೆ ಸಿಂಧನೂರು, ಗಂಗಾವತಿ, ಸಿರುಗುಪ್ಪ ಭಾಗದಲ್ಲಿ ದೊಡ್ಡ ಎಸ್‌ಯುವಿಗಳ ಬುಕಿಂಗ್ ಜೋರಾಗುತ್ತದೆ. ಮನೆಗೆ ಕಾರು ಬೇಕು, ಅದರಲ್ಲಿ ತಪ್ಪೇನಿಲ್ಲ. ಎಂಟು ಲಕ್ಷದ ಕಾರಿನಲ್ಲಿ ಆಗುವ ಕೆಲಸಕ್ಕೆ ಓಣಿಯವರು ನೋಡಲಿ ಎಂದು ಹದಿನೆಂಟು ಲಕ್ಷದ ಗಾಡಿ ತರುವುದು ಮಾತ್ರ ಸಂಸಾರವನ್ನೇ ಸಾಲಕ್ಕೆ ದೂಡುತ್ತದೆ.

ಶೇ 9.5ರ ಬಡ್ಡಿಗೆ ಏಳು ವರ್ಷದ ಅವಧಿಯಲ್ಲಿ 15 ಲಕ್ಷ ಸಾಲ ತೆಗೆದರೆ ಕಂತು ಸುಮಾರು 24,500 ರೂಪಾಯಿ, ಬಡ್ಡಿಯೇ 5.6 ಲಕ್ಷ. ಅದೇ ದರದಲ್ಲಿ ಐದು ವರ್ಷಕ್ಕೆ 6 ಲಕ್ಷ ತೆಗೆದರೆ ಕಂತು 12,600, ಬಡ್ಡಿ ಒಂದೂವರೆ ಲಕ್ಷದ ಆಸುಪಾಸು. ಟ್ರ್ಯಾಕ್ಟರ್ ಸಾಲಕ್ಕೆ ಆರು ತಿಂಗಳ ಕಂತು ಸಿಗುತ್ತದೆ, ಕಾರಿಗೆ ಸಾಮಾನ್ಯವಾಗಿ ತಿಂಗಳ ಕಂತೇ. ಬೆಳೆ ಬರುವವರೆಗೆ ದಲಾಲಿ ಅಂಗಡಿಯ ಕೈಗಡದಿಂದ ಕಂತು ಕಟ್ಟಿದರೆ ಬಡ್ಡಿಗೆ ಬಡ್ಡಿ ಬೆಳೆಯುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಕಾಲುವೆ ನೀರನ್ನೇ ನಂಬಿದ ಆದಾಯ ಎಷ್ಟು ಗಟ್ಟಿ ಎಂಬುದನ್ನು ಎಲ್ಲರೂ ಕಂಡಿದ್ದೇವೆ.

ರಾಜ್ಯದಲ್ಲಿ ಕಾರಿನ ಬೆಲೆ ಹತ್ತು ಲಕ್ಷ ದಾಟಿದರೆ ಆಜೀವ ತೆರಿಗೆ ಶೇ 14ರಿಂದ 17ಕ್ಕೆ ಏರುತ್ತದೆ, ಉಪಕರ ಪ್ರತ್ಯೇಕ. ವಿಮೆಯ ಲೆಕ್ಕದಲ್ಲಿ ನಾಲ್ಕು ವರ್ಷ ದಾಟಿದ ಗಾಡಿಯ ಮೌಲ್ಯ ಅರ್ಧಕ್ಕಿಳಿಯುತ್ತದೆ. ಹದಿನೆಂಟು ಲಕ್ಷದ ಗಾಡಿಗೆ ಒಂಬತ್ತು ಲಕ್ಷ ನಷ್ಟ, ಎಂಟರ ಕಾರಿಗೆ ನಾಲ್ಕು.

ಹೆಚ್ಚು ಜನ ಏಟು ತಿನ್ನುವುದು ಡೀಸೆಲ್ ಗಾಡಿಯಲ್ಲಿ. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ಮಾಲಿನ್ಯ ನಿಯಮದ) ಡೀಸೆಲ್ ಕಾರಿನ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಗಾಡಿ ಹೆದ್ದಾರಿಯಲ್ಲಿ ಇಪ್ಪತ್ತು, ಮೂವತ್ತು ನಿಮಿಷ ಒಂದೇ ವೇಗದಲ್ಲಿ ಓಡಬೇಕು. ಹಳ್ಳಿಯಿಂದ ಎಪಿಎಂಸಿಗೆ, ಅಲ್ಲಿಂದ ಬ್ಯಾಂಕಿಗೆ ಎಂದು ಐದಾರು ಕಿ.ಮೀ. ಓಡಿಸಿ ನಿಲ್ಲಿಸಿದರೆ ಎಂಜಿನ್ ಕಾಯುವುದೇ ಇಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮಸಿ ಸುಡಲೆಂದು ಗಾಡಿ ತಾನೇ ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿದು ಆಯಿಲ್ ತೆಳ್ಳಗಾಗುತ್ತದೆ. ಆಯಿಲ್ ಅಳೆಯುವ ಕಡ್ಡಿಯಲ್ಲಿ (ಡಿಪ್‌ಸ್ಟಿಕ್) ಆಯಿಲ್ ಮಟ್ಟ ಗರಿಷ್ಠ ಗುರುತಿಗಿಂತ ಮೇಲೇರಿದ್ದರೆ ಇದೇ ಕಾರಣವಿರಬಹುದು, ಕೂಡಲೇ ಆಯಿಲ್ ಬದಲಿಸಬೇಕು. ಡಿಪಿಎಫ್‌ನ ಎಚ್ಚರಿಕೆ ದೀಪ ಹತ್ತಿದರೂ ಹಾಗೇ ಓಡಿಸಿದರೆ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಟರ್ಬೊಗೂ ಪೆಟ್ಟು. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ದಾಟದವರಿಗೆ ಟರ್ಬೊ ಇಲ್ಲದ 1.2 ಲೀಟರ್ ಪೆಟ್ರೋಲ್ ಎಂಜಿನ್, ಕೈಗೇರ್ ಸಾಕು.

ಎರಿ (ಕಪ್ಪು ಮಣ್ಣಿನ) ಹೊಲದ ದಾರಿಗೆ ಎಸ್‌ಯುವಿಯೇ ಬೇಕೆನ್ನುವವರು ಒಂದು ವಿಷಯ ಗಮನಿಸಬೇಕು. ನಮ್ಮಲ್ಲಿ ಮಾರಾಟವಾಗುವ ಬಹುತೇಕ ಎಸ್‌ಯುವಿಗಳಲ್ಲಿ ಎಂಜಿನ್ ಬಲ ಎರಡೇ ಗಾಲಿಗೆ. ಮಳೆಯಲ್ಲಿ ಅವೂ ಹೂಳುತ್ತವೆ, ಭಾರ ಹೆಚ್ಚಿರುವುದರಿಂದ ಎಳೆಯುವುದು ಇನ್ನೂ ಕಷ್ಟ. ಅದೇ ಗಾಡಿಯ ಚಿಕ್ಕ ಗಾಲಿಗೆ ಹೋಲಿಸಿದರೆ 18 ಇಂಚಿನ ಅಲಾಯ್ ಗಾಲಿಯ ಟೈರ್‌ಗೆ ಪಕ್ಕದ ಗೋಡೆ ಗಿಡ್ಡ, ಗುಂಡಿಗೆ ಜೋರಾಗಿ ಬಿದ್ದರೆ ರಿಮ್ಮೇ ಸೊಟ್ಟಗಾಗಬಹುದು. 14–15 ಇಂಚಿನ ಸ್ಟೀಲ್ ರಿಮ್ ಸೊಟ್ಟಗಾದರೂ ಊರಲ್ಲೇ ಬಡಿದು ಸರಿಮಾಡುತ್ತಾರೆ.

ಮದುವೆಗೆ ಅಳಿಯನಿಗೆ ಕಾರು ಕೊಡುವ ಪೈಪೋಟಿಯಂತೂ ನಿಲ್ಲಲೇಬೇಕು. ಅದು ವರದಕ್ಷಿಣೆ, 1961ರಿಂದಲೇ ಅಪರಾಧ. ಆ ಕಂತಿಗಾಗಿ ಹೆಣ್ಣಿನ ಮನೆಯವರು ಹೊಲ ಒತ್ತೆ ಇಡುವಂತಾಗಬಾರದು.

ಬುಕಿಂಗ್ ಹಣ ಕೊಡುವ ಮೊದಲು ನಾಲ್ಕು ಟೈರ್, ಕ್ಲಚ್ ಸೆಟ್, ಒಂದು ಹೆಡ್‌ಲೈಟ್‌ನ ದರ ಮತ್ತು ಹತ್ತಿರದ ಸರ್ವಿಸ್ ಸೆಂಟರ್ ಯಾವ ಊರಲ್ಲಿದೆ ಎಂಬುದನ್ನು ಶೋರೂಂನವರಿಂದ ಬರೆಸಿಕೊಳ್ಳಿ. ಆ ಚೀಟಿಯನ್ನು ಮನೆಯ ಹೆಣ್ಣುಮಕ್ಕಳ ಮುಂದೆ ಇಟ್ಟು, ಅವರೂ ಒಪ್ಪಿದ ಮೇಲೆ ಸಹಿ ಹಾಕಿ.

– ಓದುಗ, ಸಿಂಧನೂರು, ರಾಯಚೂರು ಜಿಲ್ಲೆ