ಪ್ರಥಮ ಸಚಿವರೇ, ಸ್ವತಂತ್ರ ಸ್ಕಾಟ್ಲೆಂಡಿನ ಮೊದಲ ಬಜೆಟ್ ಎಲ್ಲಿ?

ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥರಾದ ಮಾನ್ಯ ಜಾನ್ ಸ್ವಿನ್ನಿಯವರೇ,

ಎಡಿನ್‌ಬರೋದಲ್ಲಿ ನೆಲೆಸಿರುವ ಕನ್ನಡಿಗ ನಾನು. ಪಾಸ್‌ಪೋರ್ಟ್ ಭಾರತದ್ದಾದರೂ ಇಲ್ಲಿ ನನಗೆ ಮತ ಹಾಕುವ ಹಕ್ಕಿದೆ. ಬ್ರಿಟನ್ನಿನಿಂದ ಸ್ವಾತಂತ್ರ್ಯ ಪಡೆಯುವುದು ನಿಮ್ಮ ಪಕ್ಷದ ಗುರಿ. 2014ರ ಜನಮತಗಣನೆಯಲ್ಲಿ ನೂರಕ್ಕೆ 55 ಮಂದಿ ಅದು ಬೇಡವೆಂದರು. ಇನ್ನೊಮ್ಮೆ ಕೇಳಿದರೆ 'ಬೇಕು' ಎನ್ನಲು ನನಗೆ ಅಡ್ಡಿಯಿಲ್ಲ. ಆದರೆ ಲೆಕ್ಕ ನೋಡದೆ ಮತ ಹಾಕಲಾರೆ.

ನಿಮ್ಮದೇ ಸರ್ಕಾರದ ವರದಿ ಪ್ರಕಾರ 2023-24ರಲ್ಲಿ ಸ್ಕಾಟ್ಲೆಂಡಿನ ಬಜೆಟ್ ಕೊರತೆ, ಅಂದರೆ ಆದಾಯಕ್ಕಿಂತ ಹೆಚ್ಚಾದ ಖರ್ಚು, 2,270 ಕೋಟಿ ಪೌಂಡ್, ಜಿಡಿಪಿಯ 10.4%. ಅದೂ ಉತ್ತರ ಸಮುದ್ರದ ತೈಲದ ಪಾಲು ಸೇರಿಸಿಕೊಂಡ ಮೇಲೆ. ಇಡೀ ಬ್ರಿಟನ್ನಿನದು 4.5%. ಇದು ಬ್ರಿಟನ್ನಿನೊಳಗಿನ ಸ್ಕಾಟ್ಲೆಂಡಿನ ಲೆಕ್ಕ, ಸ್ವತಂತ್ರ ದೇಶದ್ದಲ್ಲ ಎನ್ನುತ್ತೀರಿ. ಒಪ್ಪಿದೆ. ರಕ್ಷಣಾ ವೆಚ್ಚವನ್ನು ತಲೆ ಲೆಕ್ಕದಲ್ಲಿ ಹಂಚಿ ಬರೆಯುತ್ತಾರೆ, ನೀವು ಅದನ್ನು ಇಳಿಸಬಹುದು. ಆದರೆ ಪಿಂಚಣಿ, ಆಸ್ಪತ್ರೆಗಳ ಖರ್ಚು ಬಾವುಟ ಬದಲಾದ ಮಾತ್ರಕ್ಕೆ ಕರಗುತ್ತದೆಯೇ? ಯುರೋಪಿಯನ್ ಒಕ್ಕೂಟ ಸೇರುವ ಆಸೆಯೂ ನಿಮಗಿದೆ. ಅಲ್ಲಿನ ಕೊರತೆಯ ಮಿತಿ 3%.

ತೈಲದ ವಿಷಯದಲ್ಲಿ ಸ್ಕಾಟರ ಸಿಟ್ಟು ನ್ಯಾಯವಾದದ್ದೇ. ತೈಲ ಬಂದರೆ ಸ್ವತಂತ್ರ ಸ್ಕಾಟ್ಲೆಂಡ್ ಭಾರೀ ಮಿಗತೆ ಕಾಣುತ್ತದೆಂದು ಅರ್ಥಶಾಸ್ತ್ರಜ್ಞ ಗ್ಯಾವಿನ್ ಮೆಕ್ರೋನ್ 1974ರಲ್ಲೇ ಬ್ರಿಟನ್ ಸರ್ಕಾರಕ್ಕೆ ಬರೆದಿದ್ದರು. ಆ ವರದಿ ಜನರ ಕೈಗೆ ಸಿಕ್ಕಿದ್ದು 2005ರಲ್ಲಿ! ನಾರ್ವೆ 1990ರಲ್ಲಿ ನಿಧಿ ಸ್ಥಾಪಿಸಿ ಕೂಡಿಟ್ಟಿತು, ಲಂಡನ್ ಬಂದದ್ದನ್ನು ಬಂದಂತೆ ಖರ್ಚು ಮಾಡಿತು. ಆದರೆ ಹೋದ ಹಣದಿಂದ ಮುಂದಿನ ಬಜೆಟ್ ಆಗುವುದಿಲ್ಲ. ಸ್ವಾತಂತ್ರ್ಯದ ಬಗ್ಗೆ ನಿಮ್ಮ ಸರ್ಕಾರ ತಂದ 2013ರ ಶ್ವೇತಪತ್ರ ತೈಲಕ್ಕೆ ಬ್ಯಾರೆಲ್‌ಗೆ 110 ಡಾಲರ್ ಹಿಡಿದು ಲೆಕ್ಕ ಹಾಕಿತ್ತು. 2016ರ ಜನವರಿಯಲ್ಲಿ ಬೆಲೆ 30 ಡಾಲರಿಗಿಂತ ಕೆಳಗೆ ಬಿತ್ತು. 'ಬೇಕು' ಗೆದ್ದಿದ್ದರೆ ಸ್ವಾತಂತ್ರ್ಯ ದಿನವೆಂದು ಆ ಶ್ವೇತಪತ್ರ ಗೊತ್ತುಮಾಡಿದ್ದು ಅದೇ ವರ್ಷದ ಮಾರ್ಚ್ 24ನ್ನು. ಆಗ ಹಣಕಾಸು ಸಚಿವರು ನೀವೇ. ತೈಲದ ಏರಿಳಿತದ ಬಗ್ಗೆ ಸಂಪುಟವನ್ನು ಎಚ್ಚರಿಸಿದ ನಿಮ್ಮ ಟಿಪ್ಪಣಿ 2013ರಲ್ಲಿ ಸೋರಿಕೆಯಾಗಿತ್ತು. ಒಳಗೆ ಹೇಳಿದ್ದನ್ನು ಹೊರಗೂ ಅಷ್ಟೇ ಗಟ್ಟಿಯಾಗಿ ಹೇಳಿದ್ದರೆ ನನ್ನಂಥವರಿಗೆ ನಿಮ್ಮ ಮೇಲೆ ನಂಬಿಕೆ ಹೆಚ್ಚುತ್ತಿತ್ತು.

ನನ್ನೂರಿನವರಿಗೆ ಇದನ್ನು ವಿವರಿಸುವುದು ಕಷ್ಟ. ಕರ್ನಾಟಕದ ತಕರಾರು ಇದಕ್ಕೆ ತದ್ವಿರುದ್ಧ: ಕೊಡುವುದು ಹೆಚ್ಚು, ಬರುವುದು ಕಡಿಮೆ. 15ನೇ ಹಣಕಾಸು ಆಯೋಗ ನಮ್ಮ ತೆರಿಗೆ ಪಾಲನ್ನು 4.71%ರಿಂದ 3.65%ಕ್ಕೆ ಇಳಿಸಿತು. ಇಲ್ಲಿ ತಲಾ ಸರ್ಕಾರಿ ವೆಚ್ಚವೇ ಬ್ರಿಟನ್ನಿನ ಸರಾಸರಿಗಿಂತ ಜಾಸ್ತಿ.

ಇನ್ನು ನಾಣ್ಯ, ಅಂದರೆ ಕರೆನ್ಸಿ. ನನ್ನ ಸಂಬಳದ ಚೀಟಿಯಲ್ಲಿ ತೆರಿಗೆ ಕೋಡ್ ಸ್ಕಾಟ್ಲೆಂಡನ್ನು ಸೂಚಿಸುವ 'ಎಸ್' ಅಕ್ಷರದಿಂದ ಶುರು. ಅಂದರೆ ಆದಾಯ ತೆರಿಗೆಯ ದರ ನಿಮ್ಮದು. ಅದರ ಕೆಳಗಿನ ಸಾಲಿನ ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿಯಂಥ ಸೌಲಭ್ಯಗಳಿಗೆ ಸಂಬಳದಿಂದ ಹಿಡಿಯುವ ವಂತಿಗೆ) ಲಂಡನ್ನಿನದು. ಮನೆ ಸಾಲದ ಕಂತು ಪೌಂಡಿನಲ್ಲಿ. ಸ್ವತಂತ್ರವಾದ ಮೇಲೆ ಮೊದಲು ಬ್ರಿಟನ್ನಿನ ಪೌಂಡನ್ನೇ ಬಳಸಿ, ಆದಷ್ಟು ಬೇಗ ಸ್ಕಾಟಿಷ್ ಪೌಂಡಿಗೆ ಹೋಗುತ್ತೇವೆ ಎಂದು 2022ರ ನಿಮ್ಮ ಸರ್ಕಾರದ ದಾಖಲೆ ಹೇಳಿತು. ಸಂಬಳ ಹೊಸ ನಾಣ್ಯದಲ್ಲಿ ಬಂದು, ಸಾಲ ಹಳೆಯದರಲ್ಲೇ ಉಳಿದು, ಹೊಸದರ ಬೆಲೆ ಕುಸಿದರೆ ಆ ಹೊರೆ ಯಾರ ತಲೆಗೆ?

ಜನಮತಗಣನೆಗೆ ಲಂಡನ್ನಿನ ಒಪ್ಪಿಗೆ ಬೇಕೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಬಜೆಟ್ ಬರೆಯಲು ಯಾರ ಒಪ್ಪಿಗೆಯೂ ಬೇಡ. ಯಾವ ತೆರಿಗೆ ಏರುತ್ತದೆ, ಯಾವ ಖರ್ಚಿಗೆ ಕತ್ತರಿ, ಎಷ್ಟು ಸಾಲ ಎತ್ತುತ್ತೀರಿ, ಬ್ರಿಟನ್ನಿನ ಹಳೆಯ ಸಾಲದಲ್ಲಿ ಎಷ್ಟು ಪಾಲು ಹೊರುತ್ತೀರಿ, ಎಲ್ಲವನ್ನೂ ಬರೆದು ಪ್ರಕಟಿಸಿ. ತೈಲದ ಸಾಲಿನಲ್ಲಿ ದಯವಿಟ್ಟು ಸೊನ್ನೆ ಹಾಕಿಯೇ ಕೂಡಿಸಿ.

ಇಂತಿ,
ಎಡಿನ್‌ಬರೋದ ಒಬ್ಬ ಮತದಾರ